ಗಂಗಾಂಬಿಕೆ ಓಡಿಸುತ್ತಿದ್ದ ಗಾಡಿಯ ಬೆಲೆ

ಚೇಳೂರು ಹೋಬಳಿಯ ಆ ಊರಿನಲ್ಲಿ ಗಂಗಾಂಬಿಕೆಯನ್ನು ಹುಡುಕಿಕೊಂಡು ಬರುವವರು ಬಾಗಿಲು ತಟ್ಟುವ ಮೊದಲು ಶೆಡ್ಡಿನ ಕಡೆ ನೋಡುತ್ತಿದ್ದರು. ಮಿನಿ ಟ್ರ್ಯಾಕ್ಟರ್ ಅಲ್ಲಿದ್ದರೆ ಅವಳು ಮನೆಯಲ್ಲಿದ್ದಾಳೆ. ಇಲ್ಲದಿದ್ದರೆ ಯಾರದೋ ತೋಟದಲ್ಲಿ, ತೆಂಗಿನ ಸಾಲಿನ ನಡುವೆ ಅಡಿಕೆ ಸಸಿ ನೆಟ್ಟು ದೊಡ್ಡ ಟ್ರ್ಯಾಕ್ಟರ್ ನುಗ್ಗಲಾರದಂತಾದ ಇಕ್ಕಟ್ಟಿನಲ್ಲಿ, ಮಣ್ಣು ಪುಡಿಮಾಡುವ ರೋಟವೇಟರ್ ಹೊಡೆಯುತ್ತಿದ್ದಾಳೆ.

ಗಾಡಿ ಕೊಂಡದ್ದು ಅವಳ ಮಾವ. ಓಡಿಸಬೇಕಾಗಿದ್ದವನು ಗಂಡ ಮಹಾಲಿಂಗಯ್ಯ. ಅವನ ಬೆನ್ನಿನ ಡಿಸ್ಕ್ ಜಾರಿ, ಸೀಟಿನ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿದಾಗ ಬಾಡಿಗೆಗೆ ಒಪ್ಪಿಕೊಂಡಿದ್ದ ಒಂದು ತೋಟ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಲೆಂದು ಇವಳು ಹತ್ತಿದಳು. ಮತ್ತೆ ಇಳಿಯಲಿಲ್ಲ. ಹಾಗೆಂದು ಮನೆಗೆಲಸವನ್ನು ಯಾರೂ ಅವಳ ತಲೆಯಿಂದ ಇಳಿಸಿಕೊಳ್ಳಲೂ ಇಲ್ಲ. ಸಗಣಿ ಬಾಚಿ, ಹಾಲು ಕರೆದು ಡೈರಿಗೆ ಹಾಕಿ, ರೊಟ್ಟಿ ತಟ್ಟಿಟ್ಟು ಶೆಡ್ಡಿಗೆ ಹೋಗುತ್ತಿದ್ದಳು. ಸಂಜೆ ಬಂದು, ಡೀಸೆಲ್ ವಾಸನೆಯ ಕೈಯನ್ನು ಸೋಪಿನಲ್ಲಿ ಉಜ್ಜಿ, ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಬಾಡಿಗೆ ದುಡ್ಡನ್ನು ತೋಟದವರು ಮಹಾಲಿಂಗಯ್ಯನ ಕೈಗೇ ಕೊಡುತ್ತಿದ್ದರು. ಯಜಮಾನ ಮನೆಯಲ್ಲಿರುವಾಗ ಹೆಂಗಸಿಗೆ ಕೊಡುವುದು ಹೇಗೆ? ಆದರೂ ಸೀಟಿನ ಮೇಲಿರುವಷ್ಟು ಹೊತ್ತು ಅವಳನ್ನು ಯಾರೂ ಒಂದು ಲೋಟ ನೀರು ತಾ ಎನ್ನುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅಂಥ ಜಾಗ ಅವಳಿಗೆ ಸಿಕ್ಕಿದ್ದು ಅದೊಂದೇ.

ಮಾವ ತೀರಿಕೊಂಡ ಮೇಲೆ ಮೈದುನ ರೇಣುಕಾಪ್ರಸಾದ್ ಪಾಲು ಕೇಳಿದ. ಅವನದು ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ, ಸದಾಶಿವನಗರದಲ್ಲಿ ಮನೆ. ಜಮೀನು ಜಗಳವಿಲ್ಲದೆ ಎರಡಾಯಿತು. ಗಾಡಿಯನ್ನು ಎರಡು ಮಾಡುವುದಕ್ಕೆ ಬರುವುದಿಲ್ಲ. ಊರಿನ ಹಿರಿಯ ಕರಿಬಸವಯ್ಯ ಹಿಂದಿನಿಂದ ನಡೆದುಬಂದ ಕ್ರಮವನ್ನೇ ಹೇಳಿದರು. ಅಣ್ಣ ಬೆಲೆ ಕಟ್ಟಬೇಕು, ತಮ್ಮ ಆರಿಸಿಕೊಳ್ಳಬೇಕು. ತಮ್ಮನಿಗೆ ಗಾಡಿ ಬೇಕಾದರೆ ಆ ಬೆಲೆಯಲ್ಲಿ ಅರ್ಧವನ್ನು ಅಣ್ಣನಿಗೆ ಕೊಟ್ಟು ಒಯ್ಯಬೇಕು. ದುಡ್ಡು ಬೇಕೆಂದರೆ ಅಣ್ಣನೇ ಅರ್ಧ ಕೊಟ್ಟು ಗಾಡಿ ಇಟ್ಟುಕೊಳ್ಳಬೇಕು. ಬೆಲೆ ಹೇಳುವುದು ಒಂದೇ ಸಲ. ಆಮೇಲೆ ತಿದ್ದುವಂತಿಲ್ಲ.

ಗಂಗಾಂಬಿಕೆ ಗುಬ್ಬಿಯ ಬಸ್ಸು ಹತ್ತಿ ಮೆಕ್ಯಾನಿಕ್ ಅಂಜಿನಪ್ಪನ ಹತ್ತಿರ ಹೋದಳು. ಗಾಡಿ ಹೊಸದಾಗಿದ್ದಾಗಿನಿಂದ ರಿಪೇರಿ ಅವನದೇ.

"ಏನಕ್ಕ, ಮಾರ್ಬುಡ್ತೀರಾ?"

"ಮಾರಕ್ಕಲ್ಲ, ಉಳಿಸ್ಕೊಳಕ್ಕೆ. ಇವತ್ತು ಹೊರಗೆ ಕೊಟ್ರೆ ಎಷ್ಟಕ್ಕೆ ಹೋಯ್ತದೆ ಹೇಳು. ನನ್ನ ಮುಖ ನೋಡಿ ಹೇಳ್ಬೇಡ, ಗಾಡಿ ನೆನೆಸ್ಕೊಂಡು ಹೇಳು."

ಅಂಜಿನಪ್ಪ ಹಳೇ ಬನಿಯನ್ನಿನಲ್ಲಿ ಕೈ ಒರೆಸಿಕೊಂಡ. "ಏಳು ವರ್ಷದ ಗಾಡಿ. ಮೀಟರ್ ಜಾಸ್ತಿನೇ ಓಡಿದೆ. ಬೇರೆಯವ್ರ ಥರ ಮಡಗಿದ್ರೆ ಎರಡೂವರೆ ಲಕ್ಷ ಅಂತಿದ್ದೆ. ನೀವು ಕ್ಲಚ್ ಹೊಸದು ಹಾಕ್ಸಿದ್ದೀರಿ, ಹಿಂದಿನ ಟೈರ್ ಎರಡೂ ಹೊಸವು, ಒಂದ್ ಸರ್ವಿಸೂ ತಪ್ಪಿಸಿಲ್ಲ. ರೋಟವೇಟರ್ ಸೇರಿ ಮೂರೂವರೆ."

ಟೈರು, ಕ್ಲಚ್ಚು ಎರಡೂ ಅವಳ ಹಾಲಿನ ದುಡ್ಡಿನಲ್ಲಿ ಬಂದವು.

"ಅಂದ್ರೆ ನಾನು ಹಾಕ್ಸಿದ ಟೈರಿಗೆ ನಾನೇ ಇನ್ನೊಂದ್ಸಲ ದುಡ್ಡು ಕೊಡ್ಬೇಕು."

"ಕೆಡಿಸಿ ಮಡಗಿದ್ರೆ ಅಗ್ಗಕ್ಕೆ ಸಿಕ್ತಿತ್ತು ಕಣಕ್ಕ," ಎಂದು ಅವನು ನಕ್ಕ. ಅವಳು ನಗದಿದ್ದದ್ದನ್ನು ನೋಡಿ ಟೀ ತರಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಅವಳಿಗೆ ದಾರಿ ಸಾಗಿದ್ದೇ ತಿಳಿಯಲಿಲ್ಲ. ಕಡಿಮೆ ಹೇಳಿದರೆ ರೇಣುಕ ಗಾಡಿ ತೆಗೆದುಕೊಂಡು ಹೊರಗೆ ಜಾಸ್ತಿಗೆ ಮಾರುತ್ತಾನೆ. ವ್ಯಾಪಾರದವನಿಗೆ ಅಷ್ಟು ತಿಳಿಯುವುದಿಲ್ಲವೇ? ಸರಿಯಾದ ಬೆಲೆ ಹೇಳಿದರೆ ಎತ್ತ ವಾಲುತ್ತಾನೋ ಗೊತ್ತಿಲ್ಲ. ಜಾಸ್ತಿ ಹೇಳಿದರೆ ಮಾತ್ರ ದುಡ್ಡಿನ ಕಡೆ ಬರುತ್ತಾನೆ. ಗಾಡಿ ಉಳಿಯಬೇಕಾದರೆ ಅದರ ಬೆಲೆಗಿಂತ ಹೆಚ್ಚು ಕೊಡಬೇಕು. ನಾಲ್ಕು ಲಕ್ಷ. ಅರ್ಧ ಎಂದರೆ ಎರಡು. ಕೊರಳಿನ ಎರಡೆಳೆ ಸರ ಮಾರಿದರೆ ಅಷ್ಟು ಬರುತ್ತದೆ.

ಪಂಚಾಯ್ತಿಯ ದಿನ ಬೆಳಗ್ಗೆ ರೊಟ್ಟಿ ತಟ್ಟುತ್ತಲೇ ಗಂಡನಿಗೆ ಹೇಳಿದಳು. "ನಾಲ್ಕು ಅನ್ನಿ. ಬೇರೆ ಏನೂ ಮಾತಾಡ್ಬೇಡಿ."

"ಸರ ಮಾರ್ತೀಯ?"

"ಮಾರ್ತೀನಿ."

"ಹೆಂಡ್ತಿ ಕೊರಳು ಬರಿದು ಮಾಡಿ ಟ್ರ್ಯಾಕ್ಟ್ರು ಮಡೀಕಂಡ ಅಂತಾರೆ ಕಣೇ ಜನ."

"ಕೊರಳು ನಂದು. ಎಷ್ಟು ಅಂತೀರಿ?"

"ನಾಲ್ಕು," ಎಂದ ಮಹಾಲಿಂಗಯ್ಯ, ಪಾಠ ಒಪ್ಪಿಸುವವನಂತೆ.

ಜಗಲಿಯ ಮೇಲೆ ನಾಲ್ಕೈದು ಜನ ಕೂತಿದ್ದರು. ಗಂಗಾಂಬಿಕೆ ಕಾಫಿಯ ತಟ್ಟೆ ಹಿಡಿದು ಬಾಗಿಲ ಒಳಗೇ ನಿಂತಳು. ಬೆಲೆ ಹೇಳುವುದು ಮನೆಯ ಗಂಡುಮಗ. ಅವನನ್ನು ಬಿಟ್ಟರೆ ಅಲ್ಲಿದ್ದವರಲ್ಲಿ ಗಾಡಿಯ ಗೇರು ಹಾಕಿ ನೋಡಿದವರು ಒಬ್ಬರೂ ಇರಲಿಲ್ಲ.

"ಏನಪ್ಪ ಮಹಾಲಿಂಗು, ಎಷ್ಟು ಕಟ್ತೀಯ?" ಎಂದರು ಕರಿಬಸವಯ್ಯ.

ಮಹಾಲಿಂಗಯ್ಯ ತಮ್ಮನ ಮುಖ ನೋಡಿದ. ತನ್ನ ಕೈ ನೋಡಿಕೊಂಡ. ಬಾಗಿಲ ಕಡೆ ಮಾತ್ರ ನೋಡಲಿಲ್ಲ.

"ಮೂರು ಲಕ್ಷ."

"ರೀ," ಎಂದಳು ಅವಳು.

ಕರಿಬಸವಯ್ಯ ತಿರುಗಿಯೂ ನೋಡದೆ, "ಕಾಫಿ ತತ್ತಾ ತಾಯಿ, ಆರೋಯ್ತದೆ," ಎಂದರು. "ಹೇಳಪ್ಪ ರೇಣುಕ. ನಿಂಗೆ ಯಾವುದು?"

"ಗಾಡಿ ನನಗಿರ್ಲಿ," ಎಂದ ರೇಣುಕಾಪ್ರಸಾದ್. "ಅಣ್ಣಂಗೆ ಒಂದೂವರೆ ನಾಳೆನೇ ಕೊಡ್ತೀನಿ."

ಗಂಗಾಂಬಿಕೆ ಕಾಫಿ ಕೊಟ್ಟಳು. ಒಬ್ಬೊಬ್ಬರ ಮುಂದೂ ಬಗ್ಗಿ ಕೊಟ್ಟಳು. ಒಂದು ಲೋಟ ತುಳುಕಿತು. ಒರೆಸಿದವಳೂ ಅವಳೇ.

ಮಹಾಲಿಂಗಯ್ಯ ಅಡುಗೆಮನೆಗೆ ಬಂದು ಗೋಡೆ ಹಿಡಿದು ನಿಂತ. "ತುಮ್ಕೂರಲ್ಲಿರೋನು ಗಾಡಿ ತಗೊಂಡು ಏನ್ಮಾಡ್ತಾನೆ ಅನ್ಕೊಂಡೆ. ಮೂರು ಅಂದ್ರೆ ನಾವು ಒಂದೂವರೆ ಕೊಟ್ರೆ ಮುಗೀತಿತ್ತು. ಸರದಲ್ಲಿ ಸ್ವಲ್ಪನಾದ್ರೂ ಉಳೀತಿತ್ತಲ್ಲ ಅಂತ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳಿದ್ದರೆ ಅವಳಿಗೆ ಬಯ್ಯುವುದಕ್ಕಾದರೂ ಆಗುತ್ತಿತ್ತು.

ಆಮೇಲೆ ರೇಣುಕಾಪ್ರಸಾದನೂ ಹೊಸ್ತಿಲ ಹತ್ತಿರ ಬಂದ. "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಗಾಡಿ ಎಲ್ಲೂ ಹೋಗಲ್ಲ. ನೀವೇ ಓಡ್ಸಿ, ಬಾಡಿಗೆ ನನಗೆ ಕಳ್ಸಿ. ದಿನಕ್ಕೆ ಐನೂರು ನಿಮಗೆ."

"ಬೇರೆ ಡ್ರೈವರಿಗೆ ಎಷ್ಟು ಕೊಡ್ತೀಯ?"

"ಎಂಟ್ನೂರು ಕೇಳ್ತಾರೆ. ನೀವು ಮನೆಯವ್ರಲ್ವಾ."

"ಮತ್ತೆ ಡ್ರೈವರಿಗೆ ಊಟ ಗಾಡಿ ಓನರ್ ಮನೆಯಿಂದ ಬರ್ತದೆ. ನಿನ್ನ ಹೆಂಡ್ತಿ ಮಾಲಿನಿ ಮಾಡಿ ಕಳಿಸ್ತಾಳಾ?"

ಅವನು ನಕ್ಕ. "ತಮಾಷೆ ಮಾಡ್ತೀರಲ್ಲ ಅತ್ತಿಗೆ. ನಿಮ್ಮೂಟ ನೀವೇ ಮಾಡ್ಕೊಳಲ್ವಾ?"

"ಮಾಡ್ಕೋತೀನಿ. ಅದರ ಕೂಲಿ ಆ ಐನೂರರಲ್ಲಿ ಎಲ್ಲಿದೆ?"

ನಗು ನಿಂತಿತು. "ಹಂಗಾದ್ರೆ ಮಾರ್ಬುಡ್ತೀನಿ ಬುಡಿ."

"ಮಾರೋದಾದ್ರೆ ನನಗೇ ಮಾರು. ಮೂರೂವರೆ ಕೊಡ್ತೀನಿ. ನೀನು ಕೊಡೋ ಒಂದೂವರೆ ಹಿಡ್ಕೊ, ಮಿಕ್ಕಿದ್ದಕ್ಕೆ ಸರ ಮಾರ್ತೀನಿ."

ಅವನು ನಿಜವಾಗಿ ಗಾಬರಿಯಾದ. ಧ್ವನಿ ತಗ್ಗಿಸಿ, "ಮೂರಕ್ಕೆ ಆರಿಸ್ಕೊಂಡು ಅಣ್ಣನ ಮನೆಗೇ ಮೂರೂವರೆಗೆ ಮಾರಿದ್ರೆ ಊರೋರು ಏನಂತಾರೆ ಅತ್ತಿಗೆ? ಮುಖ ಎತ್ಕೊಂಡು ಓಡಾಡೋದು ಬೇಡ್ವಾ ನಾನು?" ಎಂದ. ಹೊರಗಿನವರಿಗೆ ಎಷ್ಟಕ್ಕೆ ಮಾರಿದರೂ ಅದು ವ್ಯಾಪಾರ, ಯಾರೂ ಏನೂ ಅನ್ನುವುದಿಲ್ಲ.

ಅಣ್ಣತಮ್ಮಂದಿರು ಇಬ್ಬರೂ ಮರ್ಯಾದೆ ಉಳಿಸಿಕೊಂಡರು. ಭಾನುವಾರ ಯಾವನೋ ಡ್ರೈವರ್ ಬಂದು ಗಾಡಿ ಒಯ್ದ. ಶೆಡ್ಡಿನಲ್ಲಿ ಎಣ್ಣೆಯ ಕಲೆ ಉಳಿಯಿತು.

ಮಳೆ ಬಿದ್ದಿತ್ತು. ತೋಟದವರು ಫೋನು ಮಾಡಿ ಮಾಡಿ ಕೇಳುತ್ತಿದ್ದರು. "ಗಾಡಿ ಇಲ್ಲ" ಎನ್ನಲು ಅವಳ ಬಾಯಿ ಬರುತ್ತಿರಲಿಲ್ಲ. ಫೋನನ್ನು ಗಂಡನ ಕೈಗೆ ಕೊಟ್ಟು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ಈಗ ದಿನವಿಡೀ ಮನೆಯಲ್ಲೇ ಇರುತ್ತಾಳಲ್ಲ ಎಂದು ನೆಂಟರು ಊಟಕ್ಕೆ ಬರತೊಡಗಿದರು.

ಗಾಡಿ ಕುಣಿಗಲ್‌ನಲ್ಲಿ ಹಳೇ ಟ್ರ್ಯಾಕ್ಟರ್ ವ್ಯಾಪಾರಿಯೊಬ್ಬನ ಹತ್ತಿರ ನಿಂತಿದೆ ಎಂದು ಸುದ್ದಿ ಕೊಟ್ಟವನು ಅಂಜಿನಪ್ಪ. ಕೇಳಿದ ತಕ್ಷಣ ಅವಳು ಸೀರೆ ಬದಲಾಯಿಸಿದಳು. ರೇಣುಕ ಕೊಟ್ಟಿದ್ದ ಒಂದೂವರೆಯನ್ನು ಮಹಾಲಿಂಗಯ್ಯ ಬೀರುವಿನಿಂದ ತಂದು ಅವಳ ಬ್ಯಾಗಿಗೆ ಹಾಕಿದ. ಸರ ಕೊರಳಲ್ಲೇ ಇತ್ತು. ಎರಡೂ ಸೇರಿ ಮೂರೂವರೆ. ಅದಕ್ಕಿಂತ ಮೇಲೆ ಅವಳ ಹತ್ತಿರ ಏನೂ ಇರಲಿಲ್ಲ.

ರಸ್ತೆಬದಿಯ ತಗಡಿನ ಚಪ್ಪರದ ಕೆಳಗೆ, ಬೇರೆ ಗಾಡಿಗಳ ನಡುವೆ, ಅವಳದು ಪಾಲಿಶ್ ಮಾಡಿಸಿಕೊಂಡು ನಿಂತಿತ್ತು. ವ್ಯಾಪಾರಿ ರಂಗಣ್ಣ ಅವಳ ಹಿಂದೆ ಇಣುಕಿದ.

"ಯಜಮಾನ್ರು ಬರ್ತಾವ್ರಾ ತಾಯಿ?"

"ನಾನೇ ನೋಡ್ಬೇಕು. ಎಷ್ಟು?"

"ನಾಲ್ಕೂಕಾಲು ಲಕ್ಷ. ಒಂದೇ ಕೈಲಿ ಓಡಿರೋ ಗಾಡಿ. ಯಾವನೋ ಪುಣ್ಯಾತ್ಮ ಮಗು ಸಾಕ್ದಂಗೆ ಸಾಕವ್ನೆ. ಅದಕ್ಕೇ ಈ ರೇಟು."

ಗಂಗಾಂಬಿಕೆ ಗಾಡಿಯ ಸುತ್ತ ಬಂದಳು. ಹಳೇ ಗಾಡಿ ಕೊಳ್ಳುವವರೆಲ್ಲ ಮಾಡುವುದು ಇದನ್ನೇ: ಕುಂದು ಎತ್ತಿ ಬೆಲೆ ಇಳಿಸುವುದು. ಇದರ ಕುಂದುಗಳನ್ನು ಇಷ್ಟು ದಿನ ಅವಳು ಯಾರ ಮುಂದೆಯೂ ಆಡಿರಲಿಲ್ಲ.

"ಎಡಗಡೆ ಬ್ರೇಕ್ ಎಳೀತದೆ," ಎಂದಳು. "ಹೈಡ್ರಾಲಿಕ್ಕು ಬಿಸಿ ಆದ್ಮೇಲೆ ಭಾರ ಎತ್ತಲ್ಲ, ಸೀಲ್ ಹೋಗಿದೆ. ಸ್ಟೇರಿಂಗು ಆಟ ಆಡ್ತದೆ."

ರಂಗಣ್ಣ ಅವಳನ್ನೇ ನೋಡಿದ. "ಮುಟ್ಟೇ ಇಲ್ಲ, ಹೆಂಗೇಳ್ತೀರಿ?"

"ಇದೆಯೋ ಇಲ್ವೋ ನೋಡ್ಕೊಳಿ."

ಅವನು ಸ್ಟೇರಿಂಗ್ ಅಲುಗಾಡಿಸಿ ನೋಡಿ ತಲೆ ಕೆರೆದುಕೊಂಡ. "ಆಯ್ತು, ನಾಲ್ಕು ಕೊಡಿ. ಇನ್ನು ಒಂದ್ ರೂಪಾಯಿ ಇಳಿಯಲ್ಲ."

ಇದ್ದ ಕುಂದುಗಳು ಅಷ್ಟೇ. ಉಳಿದದ್ದೆಲ್ಲ ಚೆನ್ನಾಗಿತ್ತು, ಅವಳೇ ಚೆನ್ನಾಗಿ ಇಟ್ಟಿದ್ದಳು.

"ಇಂಜಿನ್ ಸರಿಯಿಲ್ಲ."

"ಆ ಮಾತೊಂದು ಒಪ್ಪಲ್ಲ ತಾಯಿ." ಅವನು ಕೀ ತಿರುಗಿಸಿದ. ಗಾಡಿ ಕೂಡಲೇ ಎದ್ದು, ಒಂದೇ ಸಮನೆ, ಸಣ್ಣಗೆ ಸದ್ದು ಮಾಡತೊಡಗಿತು.

"ಹೊಗೆ ನೋಡಿ, ಕಪ್ಪಗೆ ಬರ್ತಿದೆ."

ಹೊಗೆ ಬರುತ್ತಿರಲಿಲ್ಲ. ರಂಗಣ್ಣ ಸೈಲೆನ್ಸರಿನ ಕಡೆ ನೋಡಿದ. ಆಮೇಲೆ, ಗಾಡಿಯ ಮೂತಿಯ ಮೇಲೆ ಅಂಗೈ ಊರಿ ನಿಂತಿದ್ದ ಅವಳನ್ನು ನೋಡಿದ. ಬೆಲೆ ಇಳಿಸಲಿಲ್ಲ.

"ಮೂರೂವರೆ," ಎಂದಳು ಗಂಗಾಂಬಿಕೆ. "ಇಂಥ ಇಂಜಿನ್ನಿಗೆ ಇನ್ಯಾರೂ ಅಷ್ಟೂ ಕೊಡಲ್ಲ."