ಎರಡು ವ್ಯಾಗನ್ ನಡುವೆ ಒಂದು ‘ಆಯ್ತ್’

ರೈಲು ಮುಂದೆ ಹೋಗುವುದನ್ನು ನೋಡಲು ಊರೆಲ್ಲ ಬರುತ್ತದೆ. ಹಿಂದೆ ಬರುವುದನ್ನು ಯಾರೂ ನೋಡುವುದಿಲ್ಲ. ನನ್ನ ಕೆಲಸ ಇದ್ದದ್ದು ಆ ಹಿಂದೆ ಬರುವುದರಲ್ಲಿ. ಹೊಸ ಹಳಿ ಬಿದ್ದ ಕೆಲವು ವರ್ಷಗಳಿಗೆ ನಾನು ಮುಂಬಯಿಯ ಕ್ಯಾಂಟೀನು ಬಿಟ್ಟು ಬಂದು, ಕುಂದಾಪುರಕ್ಕೂ ಬೈಂದೂರಿಗೂ ನಡುವಿನ ಒಂದು ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್ ಆಗಿ ಸೇರಿದೆ. ಹೆಮ್ಮಾಡಿಯ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರ.

ಗೂಡ್ಸ್ ಗಾಡಿ ಹಿಂದೆ ಬರುವಾಗ ಡ್ರೈವರ್ ಕೂತಿರುವುದು ಒಂದು ತುದಿಯ ಇಂಜಿನ್ನಿನಲ್ಲಿ, ಗಾಡಿ ನುಗ್ಗುವುದು ಇನ್ನೊಂದು ತುದಿಯಿಂದ. ನಡುವೆ ವ್ಯಾಗನ್ನುಗಳ ಸಾಲು. ಆ ಇನ್ನೊಂದು ತುದಿಯಲ್ಲಿ ವಾಕಿಟಾಕಿ ಹಿಡಿದು, ‘ಬಾ, ಬಾ, ಮೆಲ್ಲ’ ಎಂದು ಹೇಳುತ್ತ ಹೋಗುವವನು ನಾನು. ನನ್ನ ಬಾಯಿ ಮುಚ್ಚಿತೋ, ಡ್ರೈವರ್ ಗಾಡಿ ನಿಲ್ಲಿಸಬೇಕು. ಮಾತು ಜಾಸ್ತಿ ಎಂದು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ನನಗೆ ಮಾತಾಡುವುದಕ್ಕೇ ಸಂಬಳ ಕೊಡುವ ಕೆಲಸ ಸಿಕ್ಕಿತ್ತು.

ನಿಂತ ವ್ಯಾಗನ್ನಿಗೆ ಬರುವ ವ್ಯಾಗನ್ ಸೇರಿಸುವಾಗ ಸ್ವಲ್ಪ ದೂರದಲ್ಲೇ ಒಮ್ಮೆ ನಿಲ್ಲಿಸಬೇಕು. ಎರಡು ಕಡೆಯ ಕೊಂಡಿ ನೋಡಬೇಕು. ಕೊಂಡಿ ಎಂದರೆ ಕಬ್ಬಿಣದ ದೊಡ್ಡ ಮುಷ್ಟಿ. ಒಂದಾದರೂ ಬಿಚ್ಚಿಕೊಂಡಿದ್ದರೆ ತಾಗಿದ ಕೂಡಲೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎರಡೂ ಮುಚ್ಚಿದ್ದರೆ ಒಳಗೆ ಹೋಗಿ ಕೈಯಿಂದ ಎಳೆದು ಬಿಡಿಸಬೇಕು. ಸೇರಿದ ಮೇಲೂ ಒಳಗೆ ಹೋಗಬೇಕು, ಬ್ರೇಕಿನ ಗಾಳಿ ಪೈಪು ಜೋಡಿಸಲು. ಒಳಗೆ ಅಂದರೆ ಎರಡು ವ್ಯಾಗನ್ನಿನ ನಡುವೆ.

ಒಂದು ದಿನ, ಮಳೆಗಾಲಕ್ಕೆ ಮುಂಚೆ ಹಳಿಗೆ ಹಾಕುವ ಜಲ್ಲಿ ತಂದ ವ್ಯಾಗನ್ನುಗಳು ಪಕ್ಕದ ಲೈನಿನಲ್ಲಿ ನಿಂತಿದ್ದವು. ಇನ್ನಷ್ಟು ಖಾಲಿ ವ್ಯಾಗನ್ ಅದಕ್ಕೆ ಸೇರಿಸಬೇಕಿತ್ತು. ಇಂಜಿನ್ನಿನಲ್ಲಿದ್ದವನು ಉಪ್ಪುಂದದ ಡ್ರೈವರ್, ನನ್ನದೇ ಪ್ರಾಯದವನು, ನನ್ನ ಹಾಗೆಯೇ ಮುಂಬಯಿ ಕಂಡು ಬಂದವನು. ಇಬ್ಬರೂ ವಾಕಿಟಾಕಿಯಲ್ಲೂ ಊರ ಮಾತೇ ಆಡುತ್ತಿದ್ದೆವು. ರೈಲ್ವೆಯ ನಿಯಮದ ಪುಸ್ತಕದಲ್ಲಿ ಬೇರೆ ಮಾತುಗಳಿದ್ದವು. ಆದರೆ ಕುಂದಾಪ್ರದವರು ಇಬ್ಬರು ಸೇರಿದಲ್ಲಿ ಪುಸ್ತಕದ ಮಾತು ಬಾಯಿಗೆ ಬರುವುದಾದರೂ ಹೇಗೆ?

ದೂರದಲ್ಲಿ ನಿಲ್ಲಿಸಿದೆ. ಗಾಡಿ ಸರಿಯಾಗಿ ನಿಂತಿತು. ನೋಡಿದರೆ ಎರಡು ಕೊಂಡಿಯೂ ಮುಚ್ಚಿಕೊಂಡಿದ್ದವು.

‘ಆಯ್ತ್,’ ಅಂದೆ. ಸಾಕು, ಅಲ್ಲೇ ಇರು ಎಂದು ನನ್ನ ಅರ್ಥ.

‘ಆಯ್ತ್,’ ಅಂದ ಅವನು. ಕೊಂಡಿ ನೋಡಿಯಾಯಿತಲ್ಲ, ಸರಿ, ಹಾಗಾದರೆ ಬಂದೆ ಎಂದು ಅವನ ಅರ್ಥ.

ನಾನು ಬೆನ್ನು ತಿರುಗಿಸಿ ಒಳಗೆ ಹೋಗಿ ಕೊಂಡಿಗೆ ಕೈ ಹಾಕಿದ್ದೆ. ಹಿಂದೆ ಜಲ್ಲಿ ಕರಕರ ಅಂದದ್ದು ಕೇಳಿ ಹೊರಗೆ ಹಾರಿದೆ. ಕಂಕುಳಲ್ಲಿದ್ದ ಸಿಗ್ನಲ್ ಬಾವುಟ ಬಿತ್ತು. ಅದು ಎರಡು ಕೊಂಡಿಯ ನಡುವೆ ಚಪ್ಪಟೆಯಾಯಿತು. ಮೊಣಕೈ ತರಚಿದ್ದು ಬಿಟ್ಟರೆ ನನಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದು ಎಲ್ಲರೂ ಹೇಳಿದರು. ಆದರೆ ಮರುದಿನ ಅದೇ ವ್ಯಾಗನ್ನಿನ ಹತ್ತಿರ ಹೋದಾಗ ಕಾಲು ಮುಂದಕ್ಕೆ ಬರಲಿಲ್ಲ. ಹೆದರಿಕೆ ಎಂದರೆ ಎದೆ ಹೊಡೆದುಕೊಳ್ಳುವುದು ಎಂದು ತಿಳಿದಿದ್ದೆ. ನನ್ನ ಹೆದರಿಕೆ ಮೊಣಕಾಲಿನಲ್ಲಿತ್ತು.

ಡ್ರೈವರಿನ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಅವನು ಮಾತಾಡಿಸಲು ಬಂದರೆ ಮುಖ ತಿರುಗಿಸಿದೆ. ‘ನೀನೇ ಆಯ್ತ್ ಅಂದದ್ದಲ್ದಾ ಮಾರಾಯಾ?’ ಎಂದು ಅವನು ಕೇಳಿದ್ದು ಇನ್ನೂ ಉರಿಯಿತು. ಮನೆಗೆ ಬಂದು, ನನಗೆ ಈ ಕೆಲಸ ಬೇಡ, ಮುಂಬಯಿಗೇ ವಾಪಸು ಹೋಗಿ ಮಾವನ ಹೋಟೆಲು ಸೇರುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ಹಾಲಾಡಿಯವಳು, ಮಾತು ಸುತ್ತಿ ಬಳಸಿ ಗೊತ್ತಿಲ್ಲ.

‘ಬಿಡುದಾರ್ ಬಿಡಿ,’ ಅಂದಳು. ‘ಹೆದ್ರ್ಕಂಡ್ ಮಾತ್ರ ಬಿಡುದ್ ಬ್ಯಾಡ.’

ಸ್ಟೇಷನ್ ಮಾಸ್ಟರಿಗೂ ಕೆಲಸ ಬಿಡುವ ಮಾತು ಹೇಳಿದೆ. ಅವರು ಒಳ್ಳೆಯ ಮನುಷ್ಯ. ನಿನ್ನನ್ನೂ ಡ್ರೈವರನ್ನೂ ತರಬೇತಿಗೆ ಕಳಿಸುತ್ತೇನೆ, ಬಂದ ಮೇಲೆ ಇರುತ್ತೀಯೋ ಹೋಗುತ್ತೀಯೋ ಹೇಳು ಎಂದರು. ಹಾಗೆ ನಾನೂ ಅವನೂ ಒಂದೇ ರೈಲಿನಲ್ಲಿ, ಬೇರೆ ಬೇರೆ ಬೋಗಿಯಲ್ಲಿ ಕೂತು ತರಬೇತಿ ಕೇಂದ್ರಕ್ಕೆ ಹೋದೆವು.

ಅಲ್ಲಿ ಸಿಮ್ಯುಲೇಟರ್ ಇತ್ತು. ಒಂದು ಕೋಣೆಯೊಳಗೆ ಇಂಜಿನ್ನಿನ ತಲೆ ಮಾತ್ರ ಕತ್ತರಿಸಿ ತಂದಿಟ್ಟ ಹಾಗೆ: ಅದೇ ಕುರ್ಚಿ, ಅದೇ ಬ್ರೇಕು, ಕಿಟಕಿಯ ಜಾಗದಲ್ಲಿ ಪರದೆ. ಹಿಡಿಕೆ ತಿರುಗಿಸಿದರೆ ಪರದೆಯ ಮೇಲೆ ಹಳಿ ಓಡುತ್ತದೆ, ಕುರ್ಚಿ ನಡುಗುತ್ತದೆ. ಕಲಿಸುವವರು ಮರಾಠಿ ಮಾತಾಡುವ ಒಬ್ಬ ಮೇಷ್ಟ್ರು. ನಮ್ಮ ಕತೆ ಕೇಳಿ ಅವರು ಉಪದೇಶ ಮಾಡಲಿಲ್ಲ. ನನ್ನನ್ನು ಡ್ರೈವರಿನ ಕುರ್ಚಿಯಲ್ಲಿ ಕೂರಿಸಿದರು. ಅವನ ಕೈಗೆ ವಾಕಿಟಾಕಿ ಕೊಟ್ಟು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿನ ಪರದೆಯಲ್ಲಿ ಅವನಿಗೆ ಗಾಡಿಯ ಬಾಲ ಕಾಣುತ್ತಿತ್ತು.

ನಾನು ಕುರ್ಚಿಯಿಂದ ತಿರುಗಿ ಹಿಂದಿನ ಕಿಟಕಿಯ ಪರದೆ ನೋಡಿದೆ. ವ್ಯಾಗನ್ನುಗಳ ಗೋಡೆ ಬಿಟ್ಟರೆ ಏನೂ ಇಲ್ಲ. ಇಷ್ಟು ವರ್ಷ ನಾನು ಬಾಲದ ಹತ್ತಿರ ನಿಂತು ಕೈ ಬೀಸುವಾಗ ಡ್ರೈವರಿಗೆ ಒಂದಿಷ್ಟಾದರೂ ಕಾಣುತ್ತದೆ ಎಂದುಕೊಂಡಿದ್ದೆ. ತಿರುವಿನಲ್ಲಿ ನನ್ನ ಕೈಯೂ ಇಲ್ಲ, ಬಾವುಟವೂ ಇಲ್ಲ. ಅವನಿಗೆ ನಾನು ಎಂದರೆ ಬರೀ ಒಂದು ಸ್ವರ. ಪಾಪ, ಎಂದು ಮೊದಲ ಸಲ ಅನಿಸಿತು. ಸಿಟ್ಟು ಮಾತ್ರ ಹಾಗೇ ಇತ್ತು.

‘ಬಾ, ಬಾ, ಮೆಲ್ಲ,’ ಎಂದು ಅವನ ಸ್ವರ ಬಂತು. ಹಿಂದೆ ತಂದೆ. ‘ನಿಲ್ಸ್’ ಅಂದ. ನಿಲ್ಲಿಸಿದೆ.

‘ಆಯ್ತ್,’ ಅಂದ.

‘ಆಯ್ತ್,’ ಅಂದು ನಾನು ಬ್ರೇಕು ಬಿಟ್ಟೆ.

ಗಾಡಿ ಹೊರಟಿತು. ಕುರ್ಚಿ ಧಡ್ ಎಂದು ಕುಲುಕಿದಾಗಲೇ ನಾನು ಏನು ಮಾಡಿದೆ ಎಂದು ಗೊತ್ತಾದದ್ದು. ಮೇಷ್ಟ್ರು ದೀಪ ಹಾಕಿ, ‘ಒಳಗೆ ಮನುಷ್ಯ ಇದ್ದ,’ ಎಂದು ಹಿಂದಿಯಲ್ಲಿ ಅಷ್ಟೇ ಹೇಳಿದರು. ನನಗೆ ಅಳು ಬಂತು, ಮುಚ್ಚಿಡುವುದೇನು.

ಪಕ್ಕದ ಕೋಣೆಯಿಂದ ಅವನು ಬಂದು ಬಾಗಿಲಲ್ಲಿ ನಿಂತ. ‘ಬೇಕಂತ್ಲೇ ಹೇಳ್ದ್ಯಾ?’ ಎಂದು ಕೇಳಿದೆ.

‘ಇಲ್ಲ ಮಾರಾಯಾ. ಬಾಯಿಗ್ ಬಂತ್,’ ಅಂದ. ಕೆಲಸದ ಮಾತು ಬಿಟ್ಟರೆ, ಆ ಘಟನೆಯ ನಂತರ ನಾನು ಅವನನ್ನು ಮಾತಾಡಿಸಿದ್ದು ಅದೇ ಮೊದಲು.

ಈ ‘ಆಯ್ತ್’ ಎಂದರೆ ಏನು ಎಂದು ಮೇಷ್ಟ್ರು ಕೇಳಿದರು. ಕ್ಯಾಂಟೀನಿನ ಹಿಂದಿಯಲ್ಲಿ ನಾನು ವಿವರಿಸಹೊರಟೆ: ಮುಗಿಯಿತು ಎಂದರ್ಥ. ಅವನು ಸೇರಿಸಿದ: ಸರಿ, ಮಾಡುತ್ತೇನೆ ಎಂದೂ ಅರ್ಥ. ಮಾತು ಸಾಕು, ನೀನು ಹೊರಡು ಎಂದೂ ಹೇಳಬಹುದು. ಊಟಕ್ಕೂ ಅದೇ, ಮದುವೆಗೂ ಅದೇ. ಮೇಷ್ಟ್ರು ನಗು ತಡೆಯಲಾರದೆ, ‘ಇಷ್ಟು ಕೆಲಸ ಮಾಡುವ ಶಬ್ದಕ್ಕೆ ರಜೆ ಕೊಡಿ,’ ಅಂದರು.

ಬರುವಾಗ ಒಂದೇ ಬೋಗಿಯಲ್ಲಿ ಕೂತೆವು. ಕಾರವಾರ ದಾಟುವುದರೊಳಗೆ ಕೆಲಸದ ಮಾತುಗಳನ್ನು ಗೊತ್ತುಮಾಡಿಕೊಂಡಾಗಿತ್ತು. ನಿಲ್ಲಿಸುವುದಕ್ಕೆ ‘ನಿಲ್ಸ್’. ನಡುವೆ ಹೋಗುವ ಮೊದಲು ‘ಒಳಗ್ ಹೋತೆ’, ಬಂದ ಮೇಲೆ ‘ಹೊರ್ಗ್ ಬಂದೆ’. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಪೂರ್ತಿಯಾಗಿ ತಿರುಗಿ ಹೇಳಬೇಕು. ‘ಆಯ್ತ್’ ನಿಷಿದ್ಧ. ರೂಢಿಯಾಗಲಿ ಎಂದು ನಾನು ಮನೆಯಲ್ಲೂ ಅದನ್ನು ಬಿಟ್ಟೆ. ಊಟ ಆಯ್ತಾ ಎಂದು ಕೇಳಿದರೆ ‘ಉಂಡೆ’ ಎನ್ನುತ್ತಿದ್ದೆ. ಇವರಿಗೆ ತರಬೇತಿಯಲ್ಲಿ ತಲೆಗೆ ಏನೋ ಮಾಡಿದ್ದಾರೆ ಎಂದು ಹೆಂಡತಿ ಅಕ್ಕಪಕ್ಕದಲ್ಲಿ ಹೇಳಿಕೊಂಡು ಬಂದಳು.

ಆದರೆ ಕೋಣೆಯೊಳಗಿನ ಪರದೆ ಬೇರೆ, ಹೊರಗಿನ ಕಬ್ಬಿಣ ಬೇರೆ. ಬಂದ ಮೇಲೆ ಮೊದಲ ಸಲ ಗಾಡಿ ಹಿಂದೆ ತರುವ ದಿನ ಸ್ಟೇಷನ್ ಮಾಸ್ಟರ್ ಕಚೇರಿಯ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದರು. ಅದೇ ಲೈನು, ಅವನದೇ ಇಂಜಿನ್. ‘ಬಾ, ಬಾ, ಮೆಲ್ಲ’ ಎನ್ನುತ್ತ ತಂದೆ. ‘ನಿಲ್ಸ್’ ಅಂದೆ. ‘ನಿಲ್ಸ್ದೆ’ ಅಂದ. ಕೊಂಡಿಗಳು ಆವತ್ತೂ ಮುಚ್ಚಿದ್ದವು. ನನ್ನ ಮೊಣಕಾಲು ಮತ್ತೆ ಮಾತು ಕೇಳಲಿಲ್ಲ.

ಆಗ ನನಗೆ ಒಂದು ತುಂಟತನ ಹೊಳೆಯಿತು. ಹೆದರಿಕೆಯೇ ಅದನ್ನು ಹೇಳಿಕೊಟ್ಟಿರಬೇಕು. ಹಳಿಯಿಂದ ದೂರ, ಜಲ್ಲಿಯ ಆಚೆ ಗಟ್ಟಿಯಾಗಿ ನಿಂತು ವಾಕಿಟಾಕಿ ಒತ್ತಿ ‘ಆಯ್ತ್’ ಅಂದೆ.

ಏನೂ ಅಲ್ಲಾಡಲಿಲ್ಲ. ವ್ಯಾಗನ್ ಇದ್ದಲ್ಲೇ ಇತ್ತು.

‘ಎಂತ ಆಯ್ತ್?’ ಎಂದು ಅವನ ಸ್ವರ ಬಂತು. ‘ನಂಗೆ ಆ ಶಬ್ದ ಗೊತ್ತಿಲ್ಲ. ಸಮಾ ಹೇಳ್.’

ನಾನು ಅಲ್ಲೇ ನಿಂತು ನಕ್ಕೆ. ನಕ್ಕಾಗ ಮೊಣಕಾಲು ಸಡಿಲವಾಯಿತು.

‘ಒಳಗ್ ಹೋತೆ,’ ಅಂದೆ.

‘ನೀ ಒಳಗ್ ಹೋಪುದ್. “ಹೊರ್ಗ್ ಬಂದೆ” ಅಂಬಲ್ಲಿವರಿಗೆ ನಾ ಬ್ರೇಕ್ ಬಿಡುದಿಲ್ಲ,’ ಎಂದು ಅವನು ನಿಧಾನವಾಗಿ ತಿರುಗಿ ಹೇಳಿದ.

ನಾನು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ಬಗ್ಗಿಸಿ ಒಳಗೆ ಹೋದೆ.