ರವೀಂದ್ರನ ಒಂಬತ್ತು ಮುಷ್ಟಿ

ಅಡುಗೆ ವಿಘ್ನೇಶ್ವರ ಭಟ್ಟರು ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಐವತ್ತಾರು ವರ್ಷದಲ್ಲಿ ಅವರು ಕೈ ಎತ್ತಿದ್ದು ಎರಡೇ ಕಾರಣಕ್ಕೆ: ಒಂದು ದೇವರಿಗೆ ಮುಗಿಯಲು, ಇನ್ನೊಂದು ಅಟ್ಟದ ಮೇಲಿನ ಪಾತ್ರೆ ಇಳಿಸಲು. ಅಂಥವರಿಗೆ ಪಂಜರದ ಕಾಳಗದ ಹುಚ್ಚು ಎಂದರೆ ಹೊಸನಗರ ತಾಲೂಕಿನ ಅರ್ಧ ಜನ ಈಗಲೂ ನಂಬುವುದಿಲ್ಲ. ಇನ್ನರ್ಧ ಜನ ಅವರ ಪಕ್ಕ ಕೂತು ನೋಡುತ್ತಾರೆ.

ಹುಚ್ಚು ಹತ್ತಿದ್ದು ಕೊರೊನಾ ಕಾಲದಲ್ಲಿ. ಮದುವೆ ಮುಂಜಿಗಳೆಲ್ಲ ನಿಂತು ಸೌಟುಗಳು ಗೋಡೆಯ ಮೊಳೆಗೆ ಜೋತುಬಿದ್ದಿದ್ದವು. ಕಾಶಿಹಲ್ವದ ವಿಡಿಯೋ ಹುಡುಕುತ್ತಿದ್ದ ಭಟ್ಟರಿಗೆ ಮೊಬೈಲು ಅದೇನು ತಿಳಿದುಕೊಂಡಿತೋ, ಎಂಟು ಮೂಲೆಯ ಜಾಲರಿಯೊಳಗೆ ಇಬ್ಬರು ಒಬ್ಬರನ್ನೊಬ್ಬರು ಹೋಳಿಗೆಯ ಕಣಕದಂತೆ ನಾದುವುದನ್ನು ತೋರಿಸಿತು. ಗುದ್ದು, ಒದೆ, ಕುತ್ತಿಗೆ ಹಿಡಿತ, ಎಲ್ಲಕ್ಕೂ ಪರವಾನಗಿ. ಭಟ್ಟರಿಗೆ ಹಿಡಿಸಿದ್ದು ಹೊಡೆತವಲ್ಲ, ಗಂಟೆ ಹೊಡೆದ ಮೇಲಿನ ಅಪ್ಪುಗೆ.

"ಇಷ್ಟೊತ್ತು ಮೂಗು ಒಡ್ದ, ಈಗ ಬೆನ್ನು ತಟ್ತಾ ಇದ್ದ ನೋಡು," ಎಂದು ಹೆಂಡತಿ ವಿನಯಾಗೆ ತೋರಿಸಿದ್ದರು. "ನಮ್ಮೂರ ಸೊಸೈಟಿ ಎಲೆಕ್ಷನ್ ಆದ್ಮೇಲೆ ಹಿಂಗೆ ಯಾರಾದ್ರೂ ಮಾಡಿದ್ದು ಇದ್ದಾ?"

"ನಿಂಗೊ ಎಲೆಕ್ಷನ್ನಿಗೆ ನಿಲ್ಲದೆ ಇದ್ರೆ ಸಾಕು," ಎಂದಿದ್ದರು ಆಕೆ.

ಅಮೆರಿಕದ ಶನಿವಾರದ ಪಂದ್ಯ ನಮ್ಮ ಭಾನುವಾರ ಬೆಳಿಗ್ಗೆ ಬರುತ್ತದೆ. ಅಡುಗೆಯವರಿಗೆ ಕೈತುಂಬ ಕೆಲಸ ಇರುವುದೂ ಭಾನುವಾರವೇ. ಹೀಗಾಗಿ ಭಟ್ಟರ ಮೊಬೈಲು ಕುಂಬಳದಂಥ ಚೀನಿಕಾಯಿಗೋ ತೆಂಗಿನಕಾಯಿಯ ರಾಶಿಗೋ ಒರಗಿ ಕೂರುವುದು, ಅವರೂ ಅವರ ಇಬ್ಬರು ಸಹಾಯಕರೂ ತುರಿಯುತ್ತ, ಹೆಚ್ಚುತ್ತ ಒಂದು ಕಣ್ಣು ಅತ್ತ ಇಡುವುದು ರೂಢಿಯಾಯಿತು. ಸಹಾಯಕರಲ್ಲಿ ಶ್ರೀರಂಗ ದೊಡ್ಡ ದೇಹದವನು. ಪಾತ್ರೆ ಎತ್ತುವುದು, ಒಲೆ ನೋಡುವುದು ಅವನದು. ರಿಪ್ಪನ್‌ಪೇಟೆಯ ರವೀಂದ್ರ ಸಣಕಲ. ಮಸಾಲೆ ಮತ್ತು ಉಪ್ಪು ಅವನದು.

ಉಪ್ಪಿನದು ಸಣ್ಣ ಖಾತೆಯಲ್ಲ. ಪೂಜೆಯ ಅಡುಗೆಯನ್ನು ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ. ನಾಲಿಗೆಗೆ ರಜೆ ಇರುವಲ್ಲಿ ಬಾಯಿಗೆ ಕೆಲಸ ಹೆಚ್ಚು. ಉಪ್ಪು ಹಾಕಿದವನು "ಹುಳಿಗೆ ಉಪ್ಪು ಬಿತ್ತು!" ಎಂದು ಎಲ್ಲರಿಗೂ ಕೇಳುವಂತೆ ಕೂಗಬೇಕು, ಭಟ್ಟರು "ಹೋ" ಎನ್ನಬೇಕು. ಈ ಒಂದು ಕೂಗಿನ ಬಲದಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನಲ್ಲಿ ಮೂವತ್ತು ವರ್ಷ ಅವರ ಪಂಕ್ತಿಯಲ್ಲಿ ಯಾರೂ ಎಲೆತುದಿಯ ಉಪ್ಪು ಮುಟ್ಟಿದ್ದಿಲ್ಲ. ಭಟ್ಟರಿಗಿದ್ದ ಹೆಮ್ಮೆ ಅದೊಂದೇ.

ಆ ಭಾನುವಾರ ಸಾಗರದಲ್ಲಿ ಶಿವರಾಮ ಮೇಷ್ಟ್ರ ಹೊಸ ಮನೆಯ ಒಕ್ಕಲು. ಸತ್ಯನಾರಾಯಣ ಪೂಜೆ, ಇನ್ನೂರೈವತ್ತು ಜನರ ಊಟ. ಹಿತ್ತಲ ಶೀಟಿನ ಚಪ್ಪರದಲ್ಲಿ ಒಲೆ. ಮೊಬೈಲಿನಲ್ಲಿ ಪೋಲೆಂಡಿನ ಗಡ್ಡದವನಿಗೂ ಮೆಕ್ಸಿಕೋದ ಬೋಳುತಲೆಯವನಿಗೂ ಪಂದ್ಯ. ಅವರ ಹೆಸರಿಗೆ ಯಾರ ನಾಲಿಗೆಯೂ ಹೊರಳದೆ ಗಡ್ಡ, ಬೋಳ ಎಂದೇ ನಾಮಕರಣವಾಗಿತ್ತು. ಮೂರನೇ ಸುತ್ತಿನಲ್ಲಿ ಗಡ್ಡ ಕುತ್ತಿಗೆ ಹಿಡಿದ, ಬೋಳ ನೆಲ ತಟ್ಟಿ ಸೋಲೊಪ್ಪಿದ. ಭಟ್ಟರು ತುರಿಮಣೆ ಬಿಟ್ಟು ಅಪ್ಪುಗೆಗೆ ಕಾದರು.

ಅಪ್ಪುಗೆ ಬರಲಿಲ್ಲ. ಗಡ್ಡ ಜಾಲರಿ ಹತ್ತಿ ಹೊರಕ್ಕೆ ಹಾರಿ ಬೋಳನ ಕೋಚ್ ಮೇಲೆ ಬಿದ್ದ. ಬೋಳನ ಕಡೆಯವರು ಒಳಕ್ಕೆ ಹಾರಿದರು. ಕೋಚುಗಳು, ಕಾವಲಿನವರು, ನೀರಿನ ಬಾಟಲಿ ಹಿಡಿದವನು, ಎಲ್ಲರೂ ಸೇರಿ ಕಲಸಿದ ಅವಲಕ್ಕಿಯಾದರು.

"ಸರಿಯಾಗಿ ಕೊಟ್ಟ!" ಎಂದ ಶ್ರೀರಂಗ. "ಆ ಕೋಚು ಅವ್ನ ಅಮ್ಮಂಗೆ ಬೈದಿದ್ದ. ಕೇಳ್ಕ್ಯಂಡು ಕೂರವಾ?"

"ಗೆದ್ದು ಆತಲಾ, ಮತ್ತೆ ಎಂತಕ್ಕೆ ಹಾರವು?" ಎಂದ ರವೀಂದ್ರ. "ಕೊಟ್ಟ ಮರ್ಯಾದಿ ಅವನೇ ಕಳ್ಕಂಡ."

ಅಷ್ಟರಲ್ಲಿ ಮುಗಿಯಬಹುದಿತ್ತು. ಆದರೆ ವಿಡಿಯೋದ ಕೆಳಗೆ ಜಗತ್ತೇ ಬಂದು ಕೂತಿತ್ತು. ಪೋಲೆಂಡಿನವರು, ಮೆಕ್ಸಿಕೋದವರು, 'ಗಡ್ಡ ಬಾಸ್‌ಗೆ ಜೈ' ಎಂದು ದಾವಣಗೆರೆಯವನೊಬ್ಬ. ಶ್ರೀರಂಗ ತನ್ನ ಮೊಬೈಲು ತೆಗೆದು ತನ್ನದೂ ಒಂದು ಬರೆದ. ರವೀಂದ್ರ ಅದರ ಕೆಳಗೇ ಉತ್ತರ ಬರೆದ. ಮೂರು ಅಡಿ ದೂರದಲ್ಲಿ ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಪೋಲೆಂಡಿನ ಮೂಲಕ ಜಗಳವಾಡಿದರು. ರವೀಂದ್ರನ ಮಾತಿಗೆ ಮೆಕ್ಸಿಕೋದ ಹೆಂಗಸೊಬ್ಬಳು ಕೆಂಪು ಹೃದಯ ಒತ್ತಿದ್ದು ಶ್ರೀರಂಗನಿಗೆ ತಡೆಯಲಾಗಲಿಲ್ಲ.

"ಸೋತವ್ರ ಪಕ್ಷ ನಿಂಗೆ ಹೊಸ್ತಲ್ಲ ಬಿಡು," ಎಂದು ಬಾಯಲ್ಲೇ ಹೇಳಿಬಿಟ್ಟ. "ನಿನ್ನ ಅಪ್ಪಯ್ಯನೂ ಪಂಚಾಯ್ತಿಗೆ ಮೂರು ಸಲ ನಿಂತು ಮೂರು ಸಲ ಮಕಾಡೆ ಬಿದ್ದಿದ್ನಲಾ."

ರವೀಂದ್ರ ಎದ್ದ. ಹೆಗಲ ಟವೆಲ್ಲನ್ನು ಮಣೆಯ ಮೇಲೆ ಎಸೆದ. ಪಂಜರದ ಆಟದಲ್ಲಿ ಟವೆಲ್ ಎಸೆದರೆ ಸೋಲೊಪ್ಪಿದಂತೆ; ಇಲ್ಲಿ ಹಾಗಲ್ಲ. "ಆನು ಹೋಗ್ತೆ," ಎಂದು ಹಿತ್ತಲ ಬಾಗಿಲಿನಿಂದ ಹೊರಟೇಹೋದ.

ಭಟ್ಟರಿಗೆ ಇದಾವುದೂ ಗೊತ್ತಾಗಲಿಲ್ಲ. ಕೋಚ್ ನಿಜವಾಗಿ ಬೈದಿದ್ದನೇ ಎಂದು ಅವನ ತುಟಿಯನ್ನೇ ನೋಡುತ್ತ ವಿಡಿಯೋವನ್ನು ನಾಲ್ಕನೇ ಸಲ ಹಿಂದಕ್ಕೆ ಎಳೆಯುತ್ತಿದ್ದರು. ಬ್ಯಾಟರಿ ಮುಗಿದು ಪರದೆ ಕಪ್ಪಾದಾಗಲೇ ತಲೆ ಎತ್ತಿದ್ದು. ಹುಳಿ ಕುದಿಯುತ್ತಿತ್ತು.

"ರವಿ ಎಲ್ಲಿ? ಹುಳಿಗೆ ಉಪ್ಪು ಬಿತ್ತಾ?"

ಶ್ರೀರಂಗ ಸೌಟು ನೋಡಿದ. "ಅವ ಹೋದ. ಉಪ್ಪಿನ ಸುದ್ದಿ ಎಂಗೆ ಗೊತ್ತಿಲ್ಲೆ. ಕೂಗಿದ್ದು ಕೇಳಿದ್ನಿಲ್ಲೆ."

ಭಟ್ಟರೂ ಕೇಳಿರಲಿಲ್ಲ. ಕೂಗಿದ್ದರೂ ಕೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಒಳಗೆ ಕಥೆಯ ಮೂರನೇ ಅಧ್ಯಾಯ ಮುಗಿದ ಗಂಟೆ ಕೇಳಿಸಿತು. ಇನ್ನು ಎರಡು ಅಧ್ಯಾಯ, ಆಮೇಲೆ ನೈವೇದ್ಯ, ಆಮೇಲೆ ಎಲೆ.

ಶಿವರಾಮ ಮೇಷ್ಟ್ರು ಇಣುಕಿದರು. "ಭಟ್ರೇ, ಎಲ್ಲಾ ಆಯ್ತಾ? ನಿಮ್ಮ ಹುಳಿ ಉಣ್ಣಕ್ಕೇ ತೀರ್ಥಹಳ್ಳಿಯಿಂದ ಬಂದಾರೆ ನೋಡಿ."

"ಆಗ್ತಾ ಇದೆ, ಮೇಷ್ಟ್ರೇ," ಎಂದರು ಭಟ್ಟರು. ಮೇಷ್ಟ್ರು ಒಳಗೆ ಹೋದರು.

ಶ್ರೀರಂಗ ದನಿ ತಗ್ಗಿಸಿದ. "ಒಂದು ಹನಿ ನಾಲಿಗೆ ಮೇಲೆ ಬಿಟ್ಕಂಡು ನೋಡಿ ವಿಘ್ನಣ್ಣ. ಯಾರು ನೋಡ್ತ?"

"ಆನು ನೋಡ್ತೆ," ಎಂದರು ಭಟ್ಟರು. "ಅವಂಗೆ ಫೋನ್ ಮಾಡು."

ಎರಡು ಸಲ ಮಾಡಿದರೂ ರಿಂಗಾಗಿ ಕಟ್ ಆಯಿತು.

"ಮತ್ತೊಂದ್ಸಲ ಮಾಡು. ಎತ್ತಿದ್ರೆ ಮೊದ್ಲು ಅಪ್ಪಯ್ಯನ ಸುದ್ದಿಗೆ ತಪ್ಪಾತು ಹೇಳು. ಉಪ್ಪು ಆಮೇಲೆ."

"ನಿಂಗೊಗೆ ಅದು ಹೆಂಗೆ ಗೊತ್ತಾತು?"

"ಅವ ಗಡ್ಡದ ಸುದ್ದಿಗೆಲ್ಲ ಎದ್ದು ಹೋಪವ ಅಲ್ಲ. ಅಪ್ಪಯ್ಯನ ಸುದ್ದಿ ಎತ್ತಿದ್ರೆ ಮಾತ್ರ ಹೋಪದು."

ಮೂರನೇ ಸಲ ರವೀಂದ್ರ ಎತ್ತಿದ. ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ.

"ತಪ್ಪಾತು ಮಾರಾಯಾ," ಎಂದ ಶ್ರೀರಂಗ. "ಅಪ್ಪಯ್ಯನ ಸುದ್ದಿ ಆನು ಎತ್ತಬಾರದಾಗಿತ್ತು."

ಅತ್ತ ಕಂಡಕ್ಟರ್ ಆನಂದಪುರ, ಆನಂದಪುರ ಎಂದು ಕೂಗುತ್ತಿದ್ದ.

"ಹುಳಿಗೆ ಉಪ್ಪು ಹಾಕಿದ್ಯಾ?" ಎಂದು ಕೇಳಿದ ಶ್ರೀರಂಗ.

"ಹಾಕಿದ್ನಿಲ್ಲೆ," ಎಂದ ರವೀಂದ್ರ.

ಶ್ರೀರಂಗ ಗೆದ್ದವನಂತೆ ಉಪ್ಪಿನ ಡಬ್ಬಿಗೆ ಕೈ ಹಾಕಿದ. ಭಟ್ಟರು ಮಣಿಕಟ್ಟು ಹಿಡಿದರು. ಆ ಪಾತ್ರೆಗೆ ಒಂಬತ್ತು ಮುಷ್ಟಿ, ಆದರೆ ಮುಷ್ಟಿ ರವೀಂದ್ರನದು. ಶ್ರೀರಂಗನ ಒಂದು ಮುಷ್ಟಿಯಲ್ಲಿ ರವೀಂದ್ರನ ಒಂದೂವರೆ ಅಡಗುತ್ತದೆ, ಅಥವಾ ಎರಡು. ಹದಿನೈದು ವರ್ಷದಿಂದ ಉಪ್ಪು ಮುಟ್ಟದ ಭಟ್ಟರ ಕೈಗೆ ಅಂದಾಜೇ ಮರೆತಿತ್ತು.

"ಸ್ಕೂಟರ್ ತಗಂಡು ಹೋಗು. ಅವ್ನ ಕೈ ಬೇಕು. ಕೈ ಒಂದೇ ಬತ್ತಿಲ್ಲೆ, ಅವನನ್ನೂ ಕರ್ಕಂಡು ಬಾ."

ನಾಲ್ಕನೇ ಅಧ್ಯಾಯ ಮುಗಿಯುವಾಗ ಸ್ಕೂಟರ್ ಬಂತು. ನಡುವೆ ಚೀಲ ಇಟ್ಟುಕೊಂಡು ರವೀಂದ್ರ ಹಿಂದೆ ಮುಖ ತಿರುಗಿಸಿ ಕೂತಿದ್ದ. ರವೀಂದ್ರ ಕೈಕಾಲು ತೊಳೆದು ಬಂದು, ಒಂದೊಂದಾಗಿ ಒಂಬತ್ತು ಮುಷ್ಟಿ ಹಾಕಿ ಕೂಗಿದ. ಭಟ್ಟರ "ಹೋ" ಒಳಗಿನ ಗಂಟೆಯ ಸದ್ದಿಗಿಂತ ಜೋರಾಯಿತು.

ಊಟಕ್ಕೆ ಎಲೆ ಹಾಕಿದಾಗ ಭಟ್ಟರು ಬಾಗಿಲ ಮರೆಯಲ್ಲಿ ನಿಂತು ಬರೀ ಬಲಗೈಗಳನ್ನು ನೋಡಿದರು. ಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿನ ಕಡೆಗೆ ಯಾರ ಬೆರಳು ಹೋಗುತ್ತದೆ? ಹುಳಿ ಬಿತ್ತು. ಕಲಸಿದರು. ಮೊದಲ ಪಂಕ್ತಿಯ ಗೋಪಾಲಪ್ಪನವರ ಬೆರಳು ಸೀದಾ ಉಪ್ಪಿನತ್ತ ಹೊರಟಿತು. ಭಟ್ಟರು ಬಾಗಿಲ ಮರೆಯಿಂದ ಅರ್ಧ ಹೊರಗೆ ಬಂದರು. ಗೋಪಾಲಪ್ಪನವರು ಉಪ್ಪನ್ನು ಅತ್ತ ಸರಿಸಿ, ಆ ಜಾಗದಲ್ಲಿ ಹಪ್ಪಳ ಇಟ್ಟುಕೊಂಡು, "ಹುಳಿ ಇನ್ನೊಂದ್ಸಲ ಬರ್ಲಿ ಮಾರಾಯ್ರೇ!" ಎಂದು ಕೂಗಿದರು.

ಕೊನೆಯ ಪಂಕ್ತಿಯಲ್ಲಿ ಭಟ್ಟರು ಇಬ್ಬರ ನಡುವೆ ಕೂತರು. "ತಪ್ಪು ನಿಂಗಳದ್ದಲ್ಲ. ಕಿವಿ ಇಡಕಾಗಿದ್ದವ ಆನು," ಎಂದರು.

"ಆದ್ರೂ ಗಡ್ಡ ಹಾರಿದ್ದು ಸರಿ," ಎಂದ ಶ್ರೀರಂಗ, ರವೀಂದ್ರನ ಎಲೆಗೆ ಹುಳಿ ಬಗ್ಗಿಸುತ್ತ.

"ಅಲ್ಲ," ಎಂದ ರವೀಂದ್ರ. "ಸಾಕು, ಸಾಕು. ಎಲೆ ಆಚಿಗೆ ಹಾರ್ತು."

ಅಂದಿನಿಂದ ನೈವೇದ್ಯ ಆಗುವವರೆಗೆ ಮೂವರ ಮೊಬೈಲೂ ಚೀಲದೊಳಗೆ. ಪಂದ್ಯ ನೋಡುವುದು ಮಧ್ಯಾಹ್ನ, ಪಾತ್ರೆ ತೊಳೆದ ಮೇಲೆ. ಅಲ್ಲಿಯವರೆಗೆ ಯಾರು ಗೆದ್ದರೆಂದು ತಿಳಿಯದಂತೆ ಕಿವಿ ಕಾಪಾಡಿಕೊಳ್ಳುವುದೇ ಭಟ್ಟರಿಗೆ ದೊಡ್ಡ ಕಷ್ಟ. ಮೊನ್ನೆ ತೀರ್ಥಹಳ್ಳಿಯ ಮದುವೆಯಲ್ಲಿ ಮದುಮಗನೇ ಎಲೆಯ ಮುಂದೆ ಕೂತು, "ಭಟ್ರೇ, ಬೆಳಿಗ್ಗೆ ನೋಡಿದ್ರಾ? ಎರಡನೇ ರೌಂಡಲ್ಲೇ ಅವ್ನು..." ಎಂದು ಶುರು ಮಾಡಿದ. ಭಟ್ಟರು ಅವನ ಎಲೆಗೆ ಪಾಯಸ ಬಡಿಸಿದರು. ಅವನು ಬಾಯಿ ತೆರೆದಾಗಲೆಲ್ಲ ಬಡಿಸಿದರು. ಐದನೇ ಸೌಟಿಗೆ ಮದುಮಗ ಸುಮ್ಮನಾದ.