ಅರ್ಥಿಂಗಿನ ಕಡ್ಡಿ

"ಆತು, ಚಪ್ಪಲಿ ಹಾಕ್ಕೋತೀನಿ, ನೀವು ಹೋಗ್ರಿ." ನನ್ನ ಹೆಂಡತಿ ನನಗ ಹೇಳಿದ ಕಡೀ ಮಾತಿದು. ಫ್ರಿಜ್ ಮುಟ್ಟಿದರ ಜುಮ್ ಅಂತೈತಿ ಅಂದಿದ್ದಳು. ಊರ ಮಂದಿಯ ಕರೆಂಟ್ ರಿಪೇರಿ ಮಾಡೋ ನಾನು, ಅರ್ಥಿಂಗ್ ಹಾಕೋದು ಬಿಟ್ಟು, ಚಪ್ಪಲಿ ಹಾಕ್ಕೋ ಅಂದಿದ್ದೆ. ಅವತ್ತ ಮಧ್ಯಾಹ್ನ ಬಚ್ಚಲದಿಂದ ಬರಿಗಾಲಲ್ಲಿ ಬಂದು ಫ್ರಿಜ್ ಹಿಡದಳು. ಹಿಡದ ಕೈ ಬಿಡಲೇ ಇಲ್ಲ.

ಮೊನ್ನೆ ನರಗುಂದದ ಒಬ್ಬ ಕಾಳಿನ ವ್ಯಾಪಾರಿ ಕರೆಸಿದ. ಗೋವಾದ ಹೋಟೆಲಿಂದ, ಉಕ್ಕಿನ ಗುಂಡು ಚಿಮ್ಮಿಸಿ ಆಡೋ ಹಳೇ ಪಿನ್‌ಬಾಲ್ ಮಷೀನ್ ತಂದು ಪಡಸಾಲಿಯಾಗ ಇಟ್ಟಿದ್ದ. ಗುಂಡು ಚಿಮ್ಮಿಸಾಕ ಹೋದರ ಅವನ ಮಕ್ಕಳಿಗೆ ಶಾಕ್ ಹೊಡೀತಿತ್ತು. ಅಂಚಿನ ಕಬ್ಬಿಣಕ್ಕ ಟೆಸ್ಟರ್ ಇಟ್ಟೆ, ದೀಪ ಹತ್ತಿತು. ಒಳಗ ಅರಿವಿ ಸುತ್ತಿದ ವೈರೊಂದು ಸವದು ಕಬ್ಬಿಣಕ್ಕ ತಾಗಿತ್ತು. ಅದನ್ನ ಬದಲಿ ಮಾಡಿದೆ. ಪ್ಲಗ್ ನೋಡಿದರ, ಸಾಕೆಟ್ಟಿನಾಗ ಹೋಗೂದಿಲ್ಲಂತ ಅರ್ಥಿಂಗಿನ ಕಡ್ಡಿ ಕತ್ತರಿಸಿ ಒಗದಿದ್ದರು.

"ಸಾಹುಕಾರ್ರ, ಉಳದ ವೈರೂ ಹಿಂಗ ಸವೀತಾವು. ಅಂಗಳದಾಗ ಅರ್ಥಿಂಗ್ ತೆಗ್ಗು ತೋಡಬೇಕು."

"ಹೊಸಾ ಗ್ರಾನೈಟ್ ಒಡೀಲೇನು ಕಾಕಾ? ಹುಡುಗ್ರಿಗೆ ಚಪ್ಪಲಿ ಹಾಕಸ್ತೇನಿ ಬಿಡ್ರಿ" ಅಂತ ನಕ್ಕ.

ನನ್ನ ಮೈ ಉರೀತು. ಪ್ಲಗ್ ಕಿತ್ತು, ಅದರ ವೈರನ್ನ ಬುಡಕ್ಕ ಕತ್ತರಿಸಿ ಚೀಲಕ್ಕ ಹಾಕ್ಕೊಂಡೆ.

"ಏಯ್, ಹುಚ್ಚು ಹಿಡದೈತೇನ ನಿನಗ?"

"ಹೌದ್ರಿ" ಅಂದು ಬಂದೆ.

ಮರುದಿನ ಮುಂಜಾನೆ ಹಾರಿ, ತಾಮ್ರದ ಪಟ್ಟಿ, ಅದರ ಸುತ್ತ ತೆಗ್ಗಿಗೆ ತುಂಬಾಕ ಇದ್ದಲು, ಉಪ್ಪು ತಗೊಂಡು ಹೋಗಿ ಗ್ರಾನೈಟ್ ಪಕ್ಕದ ಗುಲಾಬಿ ಮಡಿಯಾಗ ತೆಗ್ಗು ತೋಡಿದೆ. ಅವನು ಹೊರಗ ಓಡಿ ಬಂದ. "ಯಾರು ಕರದಾರ ನಿನ್ನ?"

ನಾನು ತಲಿ ಎತ್ತಲಿಲ್ಲ. "ಉಪ್ಪು ಕಡಿಮಿ ಬಿದ್ದೈತ್ರಿ. ಮನಿಯಾಗ ಹೇಳಿ ಒಂದು ಡಬ್ಬಿ ಕೊಡಸ್ರಿ" ಅಂದೆ.